ಲಿಂಗ ಮನೆಯಲ್ಲಿ, ನಾನು ಬೀಗದೊಳಗೆ

ನನಗಿರುವ ರೋಗಕ್ಕೆ ಡಾಕ್ಟರು ಬೈಪೋಲಾರ್ ಎನ್ನುತ್ತಾರೆ. ನಮ್ಮ ಓಣಿಯವರು ‘ನೀಲವ್ವನ ತಲಿ ಕೆಟ್ಟಿತ್ತು’ ಎನ್ನುತ್ತಾರೆ. ಎರಡರಲ್ಲಿ ನನಗೆ ಓಣಿಯವರ ಮಾತೇ ಅಡ್ಡಿಯಿಲ್ಲ ಅನಿಸುತ್ತದೆ. ಮೂಡಲಗಿಯಲ್ಲಿ ನನ್ನ ಗಂಡನದು ಪಂಪ್‌ಸೆಟ್ ಮೋಟಾರು ರಿವೈಂಡ್ ಮಾಡುವ ಅಂಗಡಿ. ಸುಟ್ಟ ಮೋಟಾರು ಬರುತ್ತದೆ, ಹಳೆ ತಂತಿ ಬಿಚ್ಚಿ ಹೊಸದು ಸುತ್ತುತ್ತಾರೆ, ಮತ್ತೆ ನೀರೆತ್ತುತ್ತದೆ. ಕೆಟ್ಟದ್ದು ರಿಪೇರಿ ಆಗುತ್ತದೆ ಎಂಬ ಧೈರ್ಯ ಓಣಿಯವರ ಮಾತಿನಲ್ಲಿದೆ, ಅವರಿಗೇ ಗೊತ್ತಿಲ್ಲದೆ.

ರೋಗ ಎಂಥದು, ಗುಳಿಗೆ ಯಾವುದು ಎಂದು ನಾನು ಇಲ್ಲಿ ಹೇಳುವುದಿಲ್ಲ. ಅದನ್ನು ಡಾಕ್ಟರನ್ನು ಕೇಳಿ. ನಾನು ಹೇಳಹೊರಟಿದ್ದು ಬಾಗಿಲಿನ ಸುದ್ದಿ. ಒಳಗಿನಿಂದ ತೆಗೆಯಲು ಬಾರದ ಬಾಗಿಲಿನ ಹಿಂದೆ ನನ್ನಂಥವರು ಈಗಲೂ ಇದ್ದಾರೆ. ಗ್ರಿಲ್ಲಿನಾಚೆ ಬುತ್ತಿ ಹಿಡಿದು ನಿಂತ ಅವರ ಮನೆಯವರೂ ಇದ್ದಾರೆ. ಇಬ್ಬರೂ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಕುಲಗೋಡದ ಮಗಳು, ಮೂಡಲಗಿಯ ಸೊಸೆ. ಅರಭಾವಿ ಹತ್ತಿರದ ಒಂದು ಸಸಿ ನರ್ಸರಿಯಲ್ಲಿ ಮಾವು, ಪೇರಲ ಗಿಡಗಳಿಗೆ ಕಸಿ ಕಟ್ಟುವ ಕೆಲಸ ನನ್ನದು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ. ಆ ವರ್ಷ ಮಳೆಗಾಲದ ಹೊತ್ತಿಗೆ ನನಗೆ ನಿದ್ದೆ ಬೇಡವಾಯಿತು. ಬರಲಿಲ್ಲ ಎಂದಲ್ಲ, ಬೇಡವಾಯಿತು. ಇಷ್ಟು ವರ್ಷ ಸುಮ್ಮನೆ ಮಲಗಿ ಹೊತ್ತು ಹಾಳು ಮಾಡಿದೆನಲ್ಲ ಎಂದು ನಗು ಬರುತ್ತಿತ್ತು. ಮೂವರ ಕೆಲಸ ಒಬ್ಬಳೇ ಮಾಡುತ್ತಿದ್ದೆ. ಮಾಲೀಕರು ಖುಷಿಯಾಗಿದ್ದರು. ಆಮೇಲೆ ಗಿರಾಕಿಗಳಿಗೆ ಸಸಿಗಳನ್ನು ಪುಕ್ಕಟೆ ಕೊಡತೊಡಗಿದೆ, ಆಗ ಅವರ ಖುಷಿ ಮುಗಿಯಿತು.

ಮನೆಯಲ್ಲಿ ಯಾರಿಗೂ ಇದು ರೋಗ ಎಂದು ಹೊಳೆಯಲಿಲ್ಲ. ಅತ್ತೆ ದೃಷ್ಟಿ ತೆಗೆದರು. ನಮ್ಮ ಮನೆಯವರು, ಈರಣ್ಣ ಅಂತ ಅವರ ಹೆಸರು, ಮಾತು ಕಡಿಮೆಯ ಮನುಷ್ಯ, ‘ಸ್ವಲ್ಪ ಸುಮ್ನ ಕುಂದ್ರ’ ಎಂದಷ್ಟೇ ಹೇಳಿದರು. ನಾನು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಒಂದು ಮಧ್ಯಾಹ್ನ ತವರಿಗೆ ಹೋಗಬೇಕು ಅನಿಸಿತು. ಬಸ್ಸು ಯಾಕೆ, ಕಾಲುವೆ ಇದೆಯಲ್ಲ, ಅದೇ ಕುಲಗೋಡಕ್ಕೆ ಮುಟ್ಟಿಸುತ್ತದೆ ಎಂದು ತುಂಬಿ ಹರಿಯುವ ಕಾಲುವೆಯೊಳಗೆ ಉಟ್ಟ ಸೀರೆಯಲ್ಲೇ ಇಳಿದುಬಿಟ್ಟೆ. ಸಾಯಬೇಕೆಂದು ಇಳಿದದ್ದಲ್ಲ. ಆದರೆ ನೀರಿಗೆ ಅದು ಗೊತ್ತಿರುವುದಿಲ್ಲ. ದಂಡೆಯ ಹೊಲದಲ್ಲಿದ್ದ ಇಬ್ಬರು ಜಿಗಿದು ನನ್ನ ಜಡೆ ಹಿಡಿದು ಎಳೆದರು. ಎಳೆದವರಿಗೆ ನಾನು ಬೈದೆನಂತೆ.

ಗೋಕಾಕದ ಡಾಕ್ಟರ ಹೊರಕೋಣೆಯಲ್ಲಿ ಕುಳಿತದ್ದು ಚೂರುಚೂರಾಗಿ ನೆನಪಿದೆ. ಗೋಡೆಯುದ್ದಕ್ಕೂ ಹಾಕಿದ ಕುರ್ಚಿಗಳು, ಅತ್ತು ಕೆಂಪಾದ ಯಾರದೋ ಕೂಸು, ನನ್ನ ಮೊಣಕೈಯನ್ನು ಇಕ್ಕಳದ ಹಾಗೆ ಹಿಡಿದ ಗಂಡನ ಕೈ. ಸುತ್ತಲಿದ್ದವರಿಗೆ ನಾನು ಪೇರಲ ಕಸಿಯ ಪಾಠ ಹೇಳುತ್ತಿದ್ದೆ. ನಮ್ಮ ಪಕ್ಕದಲ್ಲಿದ್ದವರು ಒಬ್ಬೊಬ್ಬರೇ ಎದ್ದು ದೂರದ ಕುರ್ಚಿಗೆ ಹೋದರು. ಅದನ್ನು ನೋಡಿ ನನ್ನ ಗಂಡ ತಲೆ ತಗ್ಗಿಸಿದರು. ಡಾಕ್ಟರು ಹೆಚ್ಚು ಮಾತಾಡಲಿಲ್ಲ. ಹುಕ್ಕೇರಿ ಆಚೆ ಇರುವ ಒಂದು ಖಾಸಗಿ ಮಾನಸಿಕ ಆಸ್ಪತ್ರೆಗೆ ಇವತ್ತೇ ಕರೆದೊಯ್ಯಿರಿ ಎಂದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಬಾಯಿಗೆ ಬೇರೆ ಮಾತು ತುರುಕಬಾರದು. ಅವತ್ತು ನನ್ನನ್ನು ಒಳಗೆ ಹಾಕಿದ್ದು ಸರಿ. ಹಾಕದಿದ್ದರೆ ನಾನು ಮತ್ತೆ ಕಾಲುವೆಗೆ ಇಳಿಯುತ್ತಿದ್ದೆ. ಆಸ್ಪತ್ರೆಯ ಇಬ್ಬರು ತಜ್ಞರು ಬೇರೆಬೇರೆಯಾಗಿ ನನ್ನನ್ನು ಪರೀಕ್ಷೆ ಮಾಡಿದರು, ಗಂಡ ಸಹಿ ಹಾಕಿದರು. ರೋಗಿ ಯಾರನ್ನೂ ತನ್ನ ಪ್ರತಿನಿಧಿ ಎಂದು ಮೊದಲೇ ಹೆಸರಿಸಿಲ್ಲದಿದ್ದರೆ ಮನೆಯವರೇ ಆಗುತ್ತಾರೆ, ಒಲ್ಲೆನೆಂದರೂ ಒಂದು ತಿಂಗಳವರೆಗೆ ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚು ಇಡಬೇಕಾದರೆ ಒಂದು ಮಂಡಳಿಯ ಅಪ್ಪಣೆ ಬೇಕು. ಕಾಯ್ದೆ ಹೀಗಿದೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಒಳಗೆ ಬಿಡುವ ಮೊದಲು ನರ್ಸ್ ನನ್ನ ಮೈಮೇಲಿನದನ್ನೆಲ್ಲ ತೆಗೆಸಿದಳು. ಬಳೆ, ಕಿವಿಯೋಲೆ, ತಾಳಿ. ಕೊನೆಗೆ ಕೊರಳಲ್ಲಿ ಲಿಂಗ ಕಟ್ಟಿದ್ದ ಶಿವದಾರಕ್ಕೆ ಕೈ ಹಾಕಲು ಬಂದಳು. ದಾರ, ಬಟ್ಟೆಯ ಪಟ್ಟಿ ಯಾವುದೂ ಒಳಗೆ ಹೋಗುವಂತಿಲ್ಲ, ರೋಗಿಗಳು ಕುತ್ತಿಗೆಗೆ ಬಿಗಿದುಕೊಂಡಾರು ಎಂಬ ನಿಯಮ. ತಪ್ಪು ನಿಯಮವಲ್ಲ. ಆದರೆ ನಮ್ಮ ಮನೆಗಳಲ್ಲಿ ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಜೀವ ಇರುವವರೆಗೆ ಮೈ ಬಿಡುವುದಿಲ್ಲ. ಅಂಥದ್ದನ್ನು ಬೇರೆಯವರು ಮುಟ್ಟುವುದೆಂದರೆ ಜೊತೆಗೆ ಬಂದಿದ್ದ ನಮ್ಮತ್ತೆಗೆ ಎದೆ ಒಡೆದಂತಾಯಿತು. ‘ನೀವ್ ಬಿಡ್ರಿ, ನಾನ ತಗೀತೇನಿ’ ಎಂದು ಮುಂದೆ ಬಂದು, ಕಣ್ಣಿಗೆ ಒತ್ತಿಕೊಂಡು, ನನ್ನ ಲಿಂಗವನ್ನು ತಮ್ಮ ಸೆರಗಿನಲ್ಲಿ ಕಟ್ಟಿಕೊಂಡರು. ನರ್ಸ್, ಸಾಮಾನಿಡುವ ಕಪಾಟಿನಲ್ಲಿ ಜೋಪಾನವಾಗಿ ಇರುತ್ತದೆ ಎಂದಳು. ‘ಮಂದಿ ಚಪ್ಲಿ, ಮೊಬೈಲ ಜೋಡಿ ನಮ್ಮ ಲಿಂಗ ಇಡ್ತೀರೇನು?’ ಎಂದು ಅತ್ತೆ ಅವಳ ಬಾಯಿ ಮುಚ್ಚಿಸಿ ಮನೆಗೆ ಒಯ್ದರು. ಅತ್ತೆಯ ಭಕ್ತಿ ದೊಡ್ಡದು. ಆ ಭಕ್ತಿಯೇ ನನ್ನನ್ನು ಬೀಗದೊಳಗೆ ಉಳಿಸಿತು ಎಂದರೆ ನೀವು ನಂಬಲಿಕ್ಕಿಲ್ಲ. ಮುಂದೆ ಕೇಳಿ.

ಲಿಂಗಪೂಜೆ ಮಾಡದೆ ನಾವು ಉಣ್ಣುವುದಿಲ್ಲ. ನಾನೇನು ದೊಡ್ಡ ಶರಣೆಯಲ್ಲ. ಬೆಳಗಿನ ಬಸ್ಸಿನ ಗಡಿಬಿಡಿಯಲ್ಲಿ ಅಂಗೈ ಮೇಲೆ ಲಿಂಗ ಇಟ್ಟು, ವಿಭೂತಿ ಹಚ್ಚಿ, ಎರಡು ಹನಿ ನೀರು ಬಿಟ್ಟು, ಒಂದು ಕಣ್ಣು ಗಡಿಯಾರದ ಮೇಲಿಟ್ಟು ಪೂಜೆ ಮುಗಿಸುವವಳು. ಆದರೆ ಮಾಡದೆ ಒಂದು ತುತ್ತು ರೊಟ್ಟಿ ಬಾಯಿಗೆ ಹಾಕಿದವಳಲ್ಲ, ಜ್ವರ ಬಂದು ಮಲಗಿದ್ದಾಗಲೂ. ನಮ್ಮವ್ವ ಕುಲಗೋಡದಲ್ಲಿ ಒಮ್ಮೆ ಬಾವಿಯಲ್ಲಿ ಲಿಂಗ ಬಿದ್ದಾಗ, ಅದನ್ನು ಹುಡುಕಿ ತೆಗೆಯುವವರೆಗೆ ಬಾವಿಕಟ್ಟೆಯ ಮೇಲೆ ಉಪವಾಸ ಕುಳಿತವಳು. ಆ ಅವ್ವನ ಮಗಳು ನಾನು.

ಹಾಗಾಗಿ ಒಳಗೆ ತಟ್ಟೆ ಬಂದಾಗ ದೂಡಿದೆ. ಹಾಲು, ಬಾಳೆಹಣ್ಣು, ಚುರಮುರಿ ಮುಟ್ಟುತ್ತಿದ್ದೆ, ಉಪವಾಸಕ್ಕೆ ಅವು ಅಡ್ಡಿಯಿಲ್ಲ. ಬೇಯಿಸಿದ್ದು ಒಲ್ಲೆ. ಮೊದಲ ದಿನಗಳಲ್ಲಿ ಕಾರಣವನ್ನು ಕೂಗಿಕೂಗಿ ಹೇಳಿದ್ದೇನೆ: ‘ನನ್ನ ಲಿಂಗ ಕೊಡ್ರಿ!’ ಆದರೆ ಅದೇ ಬಾಯಿಂದ ನಾನು ಘಟಪ್ರಭೆಯ ಮಗಳು, ನಾನು ಮುಟ್ಟಿದ ಬೇಲಿಯ ಗೂಟವೂ ಮಾವು ಬಿಡುತ್ತದೆ ಅಂತಲೂ ಕೂಗಿದ್ದೇನೆ. ನೂರು ಸುಳ್ಳಿನ ನಡುವೆ ಒಂದು ಖರೆ ಮಾತು ಬಂದರೆ ಅದನ್ನು ಆರಿಸಿ ತೆಗೆಯುವ ಪುರುಸೊತ್ತು ಯಾರಿಗೆ ಇರುತ್ತದೆ?

ಆಮೇಲೆ ಔಷಧ ಹಿಡಿಯಿತು. ನಿದ್ದೆ ಬಂತು, ಘಟಪ್ರಭೆ ತನ್ನ ಪಾಡಿಗೆ ಹೋದಳು. ನಾಲಿಗೆ ಮಾತ್ರ ಒದ್ದೆ ಗೋಣಿಚೀಲದಷ್ಟು ಭಾರವಾಯಿತು. ಒಂದು ಮಾತು ಹೊರಡಿಸಲು ಹತ್ತು ಸಲ ಯೋಚಿಸಬೇಕು. ವಾರ್ಡಿನ ನರ್ಸ್ ಶೋಭಾ ಒಳ್ಳೆಯ ಹುಡುಗಿ, ಅವಳ ಕೊರಳಲ್ಲೂ ಲಿಂಗ ಇತ್ತು, ಯೂನಿಫಾರ್ಮಿನ ಒಳಗೆ ದಾರ ಕಾಣುತ್ತಿತ್ತು. ಅವಳಿಗೆ ಮೆಲ್ಲಗೆ ಹೇಳಿದೆ.

‘ಗೊತ್ತೈತ್ರಿ ಅಕ್ಕಾ,’ ಎಂದಳು ಅವಳು. ‘ಆದ್ರ ದಾರ ಒಳಗ ಬಿಡಾಕ ಬರಾಂಗಿಲ್ಲ. ರೂಲ್ ಐತಿ. ಅದೂ ನಿಮ್ಮ ಅತ್ತಿ ಮನಿಗಿ ಒಯ್ದಾರ, ನಾ ಎಲ್ಲಿಂದ ತರ್ಲಿ? ಮನಸಿನ್ಯಾಗ ನೆನಸಿ ಉಂಡ್ ಬಿಡ್ರಿ. ಶಿವಾ ಏನೂ ಅನ್ನಾಂಗಿಲ್ಲ.’

ಶಿವ ಏನೂ ಅನ್ನಲಿಕ್ಕಿಲ್ಲ. ಆದರೆ ಅವಳು ಇದನ್ನು ಡಾಕ್ಟರಿಗೆ ಹೇಳಬೇಕಿತ್ತು. ಹೇಳುವಂಥ ವಿಷಯ ಇದು ಎಂದು ಅವಳಿಗೆ ಅನಿಸಲಿಲ್ಲ, ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತಲ್ಲವೇ ಎಂದುಕೊಂಡಳು. ಆಸ್ಪತ್ರೆಯ ಡಾಕ್ಟರು ದಕ್ಷಿಣದ ಕಡೆಯವರು, ಅವರಿಗೆ ಗೊತ್ತಿರಲಿಲ್ಲ. ಸೌಮ್ಯ ಮನುಷ್ಯ, ಎದುರು ಕುರ್ಚಿ ಹಾಕಿಕೊಂಡು ಮಾತಾಡಿಸುವವರು. ನಾನು ಅವರ ಎದುರು ಲಿಂಗದ ಮಾತು ಎತ್ತಲೇ ಇಲ್ಲ. ಕೂಗಿ ಕೂಗಿ ಕೇಳಿದ್ದನ್ನು ಮತ್ತೆ ಬೇಡಲು ಮಾನ ಅಡ್ಡ ಬಂತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಾನು ಊಟವನ್ನೂ ಬಿಟ್ಟೆ, ಮಾತನ್ನೂ ಬಿಟ್ಟೆ. ರೋಗವೂ ಇತ್ತು, ಜಗಳವೂ ಇತ್ತು.

ನಮ್ಮ ಮನೆಯವರನ್ನು ಕೆಲವು ದಿನ ಬಿಟ್ಟು ಭೇಟಿಗೆ ಬಿಟ್ಟರು. ಗ್ರಿಲ್ಲಿನಾಚೆ ನಿಂತಿದ್ದರು, ಕೈಯಲ್ಲಿ ಅತ್ತೆ ಕಟ್ಟಿಕೊಟ್ಟ ಜೋಳದ ರೊಟ್ಟಿಯ ಗಂಟು.

‘ಸೊರಗಿ ಕಡ್ಡಿ ಆಗೀಯಲ್ಲ ನೀಲಾ. ಯಾಕ ಉಣ್ಣಾಂಗಿಲ್ಲ?’

‘ನನ್ನ ಲಿಂಗ?’ ಎಂದೆ. ಅಷ್ಟು ಹೇಳಲಿಕ್ಕೇ ಬೆವರು ಬಂತು.

ಅವರ ಮುಖ ಅರಳಿತು, ನನ್ನ ಚಿಂತೆ ತಮಗೆ ಗೊತ್ತಾಯಿತು ಎಂಬ ಹಾಗೆ. ‘ಅದರ ಕಾಳಜಿ ಬಿಡ. ಅವ್ವ ದಿನಾ ಎರಡ ಹೊತ್ತ ನಿನ್ನ ಲಿಂಗಕ್ಕ ಪೂಜಿ ಮಾಡಾಕತ್ತಾಳ. ಒಂದ ದಿನಾನೂ ತಪ್ಪಿಸಿಲ್ಲ.’

ನನಗೆ ಮೈಯೆಲ್ಲ ಉರಿದುಹೋಯಿತು. ‘ಅತ್ತಿ ಉಂಡ್ರ ನನ್ನ ಹೊಟ್ಟಿ ತುಂಬತೈತೇನ್ರಿ?’ ಎಂದು ಗ್ರಿಲ್ಲನ್ನು ಎರಡೂ ಕೈಯಿಂದ ಅಲುಗಾಡಿಸಿದೆ. ಸಪ್ಪಳಕ್ಕೆ ಇಬ್ಬರು ಓಡಿ ಬಂದು ನನ್ನನ್ನು ಒಳಗೆ ಒಯ್ದರು. ಹೋಗುತ್ತ ತಿರುಗಿ ನೋಡಿದೆ. ನಮ್ಮವರು ರೊಟ್ಟಿಯ ಗಂಟು ಎದೆಗೆ ಒತ್ತಿಕೊಂಡು ನಿಂತಿದ್ದರು. ನನಗೆ ಇನ್ನೂ ಗುಣವಾಗಿಲ್ಲ ಎಂದು ಅವತ್ತು ಅವರಿಗೆ ಖಾತ್ರಿಯಾಯಿತು. ಆ ಗ್ರಿಲ್ ಅಲುಗಾಟದ ಸುದ್ದಿ ಡಾಕ್ಟರಿಗೂ ಮುಟ್ಟಿತು.

ಮರುದಿನ ನನ್ನ ಕೈಗಳನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿ ಸಲೈನ್ ಹಾಕಿದರು. ನಾನು ಸೂಜಿ ಕಿತ್ತುಕೊಂಡೆನೆಂದು ಕಟ್ಟಿದ್ದು, ಸುಳ್ಳಲ್ಲ, ಕಿತ್ತಿದ್ದೆ. ಮೂಗಿನ ಮೇಲೆ ನೊಣ ಕುಳಿತಿತ್ತು. ಅದನ್ನು ಹೊಡೆಯಲು ಕೈ ಇಲ್ಲ. ಶೋಭಾ ಪಕ್ಕದಲ್ಲಿ ಕುಳಿತು ಆ ನೊಣವನ್ನು ಓಡಿಸುತ್ತಿದ್ದಳು, ನಡುನಡುವೆ ಕಟ್ಟು ಸಡಿಲಿಸಿ ನನ್ನ ಮಣಿಕಟ್ಟು ತಿಕ್ಕುತ್ತಿದ್ದಳು. ಅಷ್ಟು ಕರುಣೆಗೆ ನಾನು ಅತ್ತುಬಿಟ್ಟೆ. ಅಂಜಿಕೆ ಎಂದರೆ ಏನೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಕಾಲುವೆಯಲ್ಲಿ ಅಂಜಿಕೆ ಆಗಿರಲಿಲ್ಲ. ಇಲ್ಲಿ ಆಯಿತು. ನಾನು ಗುಣವಾಗಿದ್ದೇನೆ ಎಂದು ಒಳಗೆ ಕುಳಿತು ಹೇಳಿದರೆ ಯಾರೂ ನಂಬುವುದಿಲ್ಲ. ಶಾಂತವಾಗಿ ಹೇಳಿದರೆ ಔಷಧದ ಗುಣ, ಸಿಟ್ಟಿನಿಂದ ಹೇಳಿದರೆ ರೋಗ.

ತಿಂಗಳು ಮುಗಿಯುತ್ತ ಬಂದಾಗ ಡಾಕ್ಟರು ಬಂದು ಕುಳಿತರು. ‘ನಿಮಗೆ ನಿದ್ದೆ ಬರ್ತಾ ಇದೆ, ಮಾತು ಸರಿಯಾಗಿದೆ. ಆದರೆ ಊಟ ಮಾಡ್ತಿಲ್ಲ. ತನ್ನ ಆರೈಕೆ ತಾನು ಮಾಡಿಕೊಳ್ಳದವರನ್ನ ಹೊರಗೆ ಹೇಗೆ ಕಳಿಸೋದು? ಇನ್ನಷ್ಟು ದಿನ ಇಟ್ಟುಕೊಳ್ಳೋಕೆ ಮಂಡಳಿಗೆ ಕೇಳಿದ್ದೇನೆ. ನಿಮ್ಮ ಯಜಮಾನರೂ ಒಪ್ಪಿದ್ದಾರೆ.’ ಇನ್ನಷ್ಟು ಎಂದರೆ ಎಷ್ಟು ಎಂದು ಕೇಳಿದೆ. ಕೆಲವು ತಿಂಗಳು ಆಗಬಹುದು ಎಂದರು. ಆಮೇಲೆ ಶೋಭಾ ಬಾಯಿತಪ್ಪಿ ಇನ್ನೊಂದು ಮಾತು ಹೇಳಿದಳು. ಇಲ್ಲಿಂದ ಮುಂದೆ ನನ್ನನ್ನು ಯಾವುದೋ ಆಶ್ರಮಕ್ಕೆ ಹಾಕುವ ವಿಚಾರ ನಮ್ಮ ಮನೆಯವರು ಕೇಳಿ ಹೋಗಿದ್ದರು.

ಕುಡಿಯುವ ನೀರಿನ ಫಿಲ್ಟರಿನ ಹಿಂದೆ ಗೋಡೆಗೆ ಒಂದು ಫಲಕ ಇತ್ತು. ಅರ್ಧ ಫಲಕವನ್ನು ಫಿಲ್ಟರೇ ಮುಚ್ಚಿತ್ತು. ದಿನಾ ನೀರಿಗೆ ನಿಂತಾಗ ಕಣ್ಣಿಗೆ ಬೀಳುತ್ತಿತ್ತು, ಓದಿರಲಿಲ್ಲ. ಅವತ್ತು ಕತ್ತು ಚಾಚಿ ಓದಿದೆ. ಪುಸ್ತಕದ ಕನ್ನಡ, ಒಂದೊಂದು ಶಬ್ದ ಜೋಳದ ದಂಟಿನಷ್ಟು ಉದ್ದ. ಆದರೂ ತಿಳಿಯಿತು: ಒಳಗಿರುವವರು ತಾವೇ ಮಂಡಳಿಗೆ ತಮ್ಮ ಮಾತು ಹೇಳಬಹುದು. ಪುಕ್ಕಟೆ ವಕೀಲರನ್ನು ಕೇಳಬಹುದು. ಫೋನ್ ಮಾಡಬಹುದು. ನಾನು ಡಾಕ್ಟರ ಕೋಣೆಯ ಬಾಗಿಲಿಗೆ ಹೋಗಿ, ‘ಮಂಡಳಿ ಬಂದಾಗ ನಾನೂ ಮಾತಾಡಾಕಿ. ವಕೀಲರು ಬೇಕ್ರಿ’ ಎಂದೆ. ಡಾಕ್ಟರು ಫೋನನ್ನು ನನ್ನ ಕಡೆ ತಿರುಗಿಸಿ ಇಟ್ಟರು. ಆ ಮನುಷ್ಯನ ಋಣ ನಾನು ಮರೆಯುವುದಿಲ್ಲ.

ಹುಕ್ಕೇರಿಯಿಂದ ವಕೀಲರು ಬಂದರು, ವಯಸ್ಸಾದವರು, ಪಾಟೀಲ ಅಂತ. ಎಲ್ಲ ಕೇಳಿಕೊಂಡು, ‘ತಂಗಿ, ಎರಡ ತುತ್ತ ಉಂಡ್ ಬಿಡು. ಕೇಸ್ ಅಲ್ಲಿಗೇ ಮುಗೀತೈತಿ,’ ಎಂದರು.

ಅವರು ಹೋದ ಮೇಲೆ ಮಧ್ಯಾಹ್ನದ ತಟ್ಟೆ ಬಂತು. ಅನ್ನ, ಸಾರು, ಹೆಸರುಕಾಳಿನ ಪಲ್ಯ. ಎರಡು ತುತ್ತು ಅಷ್ಟೇ. ಉಂಡರೆ ಮನೆ, ಇಲ್ಲದಿದ್ದರೆ ಆಶ್ರಮ. ಅನ್ನ ಕಲಸಿದೆ. ತುತ್ತು ಬಾಯಿ ಹತ್ತಿರ ತಂದೆ. ನಿಜವಾಗಿ ಹೇಳುತ್ತೇನೆ, ಆಗ ಶಿವ ನೆನಪಾಗಲಿಲ್ಲ. ನೆನಪಾದದ್ದು ಇದು: ಮಾತು ಹೋಯಿತು, ಜಡೆ ಹೇನೆಂದು ಕತ್ತರಿಸಿದರು, ಸೀರೆ ಹೋಗಿ ನೈಟಿ ಬಂತು, ಕೈ ಕಟ್ಟಿಸಿಕೊಂಡೆ. ಇಷ್ಟೆಲ್ಲ ಹೋದ ಮೇಲೂ ನಾನು ನೀಲವ್ವ ಎಂದು ನನಗೆ ಗೊತ್ತಿರುವುದು ಈ ಒಂದು ಹಟದಿಂದ. ಇದನ್ನೂ ಬಿಟ್ಟು ಮನೆಗೆ ಹೋದರೆ ಹೋಗುವವಳು ಯಾರು? ತುತ್ತನ್ನು ತಟ್ಟೆಗೆ ಇಳಿಸಿದೆ. ಹುಚ್ಚಿ, ಹುಚ್ಚಿ ಎಂದು ನನಗೆ ನಾನೇ ಬೈದುಕೊಂಡೆ.

ಮಂಡಳಿ ಆಸ್ಪತ್ರೆಯಲ್ಲೇ ಕುಳಿತಿತು. ಉದ್ದನೆಯ ಮೇಜು. ನಡುವೆ ನಿವೃತ್ತ ನ್ಯಾಯಾಧೀಶರು, ಆಚೀಚೆ ಬೇರೆ ಆಸ್ಪತ್ರೆಯ ಡಾಕ್ಟರು, ಒಬ್ಬ ಅಧಿಕಾರಿ, ಮತ್ತು ಕಾಟನ್ ಸೀರೆಯ ಒಬ್ಬ ಹೆಂಗಸು. ಆಕೆ ಒಂದು ಕಾಲಕ್ಕೆ ನನ್ನ ಹಾಗೆಯೇ ಒಳಗಿದ್ದು ಬಂದವರು, ಅಂಥವರೂ ಮಂಡಳಿಯಲ್ಲಿ ಕೂರಬಹುದೆಂದು ಕಾಯ್ದೆಯಲ್ಲೇ ಇದೆ ಎಂದು ಪಾಟೀಲರು ನನ್ನ ಕಿವಿಯಲ್ಲಿ ಹೇಳಿದ್ದರು. ನನ್ನ ಮನೆಯವರು ಒಂದು ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಅತ್ತೆ ಬಾಗಿಲ ಹೊರಗೆ ನಿಂತಿದ್ದರು.

ನ್ಯಾಯಾಧೀಶರು ದಿನ, ವಾರ, ಊರು ಕೇಳಿದರು. ಹೇಳಿದೆ. ‘ಮತ್ತ ಕಾಲುವಿಗಿ ಇಳೀತೀರೇನು?’

‘ಇಳ್ಯಾಂಗಿಲ್ರಿ. ಆದ್ರ ಮತ್ತ ನಿದ್ದಿ ಹೋದ್ರ ಏನ್ ಮಾಡ್ತೇನಿ ಗೊತ್ತಿಲ್ಲ. ಅದಕ್ಕ ಗುಳಿಗಿ ತೊಗೊಳ್ಳಾಕತ್ತೇನಿ.’

‘ಊಟಾ ಯಾಕ ಬಿಟ್ಟೀರಿ ತಾಯಿ?’

‘ಲಿಂಗಪೂಜಿ ಆಗಿಲ್ರಿ, ಸಾಹೇಬ್ರ.’

ಮೇಜಿನ ಆಚೆ ಕಡೆ ಪೆನ್ನುಗಳು ನಿಂತವು. ಎಷ್ಟು ದಿನದಿಂದ ಆಗಿಲ್ಲ ಎಂದು ಕೇಳಿದರು. ‘ಬಂದ ದಿನದಿಂದ. ಬಂದ ದಿನಾನ ತಗದಾರ.’

ನಮ್ಮ ಡಾಕ್ಟರ ಮುಖ ಬಿಳಿಚಿಕೊಂಡಿತು. ‘ದಾರ ಒಳಗೆ ಬಿಡುವಂತಿಲ್ಲ ಸರ್, ಜೀವದ ಪ್ರಶ್ನೆ. ಆದರೆ ಊಟ ಬಿಟ್ಟಿದ್ದು ಇದಕ್ಕೆ ಅಂತ ನನಗೆ ಯಾರೂ ಹೇಳಲಿಲ್ಲ.’ ಶೋಭಾ ನೆಲ ನೋಡುತ್ತಿದ್ದಳು.

ಕಾಟನ್ ಸೀರೆಯ ಹೆಂಗಸು ನನ್ನ ಕಡೆ ಬಾಗಿದರು. ‘ನೀವು ಹೇಳಿದ್ದಿಲ್ಲೇನು?’

‘ಹೇಳೇನ್ರಿ ಅಕ್ಕಾರ. ನಾ ಘಟಪ್ರಭೆ ಮಗಳು ಅಂತನೂ ಅವತ್ತ ಹೇಳಿದ್ದೆ. ಎರಡೂ ಒಂದ ಬುಟ್ಟಿಗಿ ಹಾಕಿದ್ರು.’

ಆಕೆ ನಕ್ಕರು. ನಾನೂ ನಕ್ಕೆ, ಬಹಳ ದಿನದ ಮೇಲೆ. ಆ ನಗುವಿನಲ್ಲಿ ನಾಲಿಗೆಯ ಭಾರ ಇಳಿಯಿತೋ ಏನೋ, ತಲೆಯಲ್ಲಿ ಅಷ್ಟು ದಿನ ಹೊಳೆಯದೇ ಇದ್ದದ್ದು ಬಾಯಿಗೆ ಬಂತು. ‘ದಾರ ಯಾರಿಗಿ ಬೇಕಾಗೇತ್ರಿ? ದಾರ ನೀವ ಇಟಗೋರಿ. ಲಿಂಗ ನನ್ನ ಕೈಯಾಗ ಕೊಡ್ರಿ. ಪೂಜಿ ಆಗೂದು ಅಂಗೈ ಮ್ಯಾಲ, ಕೊರಳಾಗ ಅಲ್ಲ. ಪೂಜಿ ಮುಗದ ಮ್ಯಾಲ ನಿಮ್ಮ ಸಿಸ್ಟರ್ ಕೈಯಾಗ ಕೊಡ್ತೇನಿ, ಆಕಿ ಕೊರಳಾಗೂ ಒಂದೈತಿ, ಹೆಂಗ ಇಡಬೇಕು ಆಕಿಗಿ ಗೊತ್ತೈತಿ.’

ಇಷ್ಟು ಸರಳ. ಒಂದು ತಿಂಗಳಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ, ನನಗೂ. ನಾವೆಲ್ಲ ದಾರವನ್ನೂ ಲಿಂಗವನ್ನೂ ಒಂದೇ ಎಂದುಕೊಂಡಿದ್ದೆವು. ಲಿಂಗ ಎಲ್ಲಿದೆ ಎಂದು ನ್ಯಾಯಾಧೀಶರು ಕೇಳುವುದರೊಳಗೆ ಬಾಗಿಲಲ್ಲಿದ್ದ ಅತ್ತೆ ಒಳಗೆ ಬಂದರು. ಮನೆಯಲ್ಲಿ ಪೂಜೆಗೆ ಯಾರೂ ಇಲ್ಲವೆಂದು ಜೊತೆಯಲ್ಲೇ ತಂದಿದ್ದರು. ಸೆರಗಿನ ಗಂಟು ಬಿಚ್ಚಿದರು.

‘ನಾ ಚಲೋದಕ್ಕ ಮಾಡಿದ್ನಿ ಯವ್ವಾ,’ ಎಂದು ನನ್ನ ಅಂಗೈಗೆ ಇಟ್ಟು ಅತ್ತರು. ‘ನೀ ಉಪಾಸ ಇದ್ದೀದಿ, ನಾ ನಿನ್ನ ಲಿಂಗಕ್ಕ ನೀರ ಹಾಕಿ ಹೊಟ್ಟಿತುಂಬ ಉಣ್ಣಾಕತ್ತಿದ್ನಿ!’

ಅವರ ಮೇಲಿದ್ದ ಸಿಟ್ಟು ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ಅರ್ಧ ಹೋಯಿತು. ಶೋಭಾ ತಂಬಿಗೆ ತಂದಳು. ಮೇಜಿನ ಪಕ್ಕ ನೆಲದ ಮೇಲೆ ಕುಳಿತು ಪೂಜೆ ಮಾಡಿದೆ, ಗಡಿಯಾರ ನೋಡದೆ. ಆಮೇಲೆ ತಟ್ಟೆ ತರಿಸಿದರು, ಉಂಡೆ. ಸಾರು ನೀರುನೀರಾಗಿತ್ತು. ಅದನ್ನೂ ಹೇಳಿದೆ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನ್ಯಾಯಾಧೀಶರು ನಮ್ಮ ಮನೆಯವರ ಕಡೆ ತಿರುಗಿ, ಮನೆಗೆ ಕರೆದೊಯ್ಯುತ್ತೀರಾ ಎಂದು ಕೇಳಿದರು. ಅವರು ಕುರ್ಚಿಯಿಂದ ಎದ್ದು ನಿಂತರು.

‘ಅಂಜಿಕಿ ಐತ್ರಿ,’ ಎಂದರು. ‘ನಾ ಅಂಗಡ್ಯಾಗ ಇರ್ತೇನಿ. ಆಕಿ ಎಲ್ಲಿ ಹೋದ್ಲು, ಏನ್ ಮಾಡಿದ್ಲು ಅಂತ ಕೆಲಸಕ್ಕ ಕೈ ಆಡಾಂಗಿಲ್ಲ. ಇಲ್ಲಿದ್ರ ನನಗ ನಿದ್ದಿ ಬರತೈತಿ.’

ನನ್ನ ಎದುರೇ ಹೇಳಿದರು. ತಟ್ಟೆಯಲ್ಲಿ ಅನ್ನ ಇನ್ನೂ ಇತ್ತು, ತಟ್ಟೆಯನ್ನು ಬದಿಗೆ ಸರಿಸಿದೆ.

ಕಾಟನ್ ಸೀರೆಯವರು ಮೆಲ್ಲಗೆ, ಬೈಯುವ ಹಾಗಲ್ಲ, ಹೇಳಿದರು: ‘ಅಣ್ಣಾರ, ಅಂಜಿಕಿ ನಿಮಗೈತಿ. ಬೀಗ ಇವರಿಗಿ ಹಾಕೀರಿ. ನಿಮ್ಮ ಅಂಜಿಕಿಗಿ ಔಷಧ ಬ್ಯಾರೆ ಐತಿ. ಕುಂತ ಮಾತಾಡೋಣು.’

ಮಂಡಳಿ ಅವಧಿ ಮುಂದುವರಿಸಲಿಲ್ಲ. ಇವತ್ತೇ ಹೋಗಬಹುದು, ಇನ್ನೂ ಚಿಕಿತ್ಸೆ ಬೇಕೆನಿಸಿದರೆ ನಿಮ್ಮ ಸ್ವಂತ ಇಚ್ಛೆಯಿಂದ ಇರಬಹುದು, ಹೊರಡುತ್ತೇನೆಂದಾಗ ಹೊರಡಬಹುದು ಎಂದು ನ್ಯಾಯಾಧೀಶರು ನನಗೇ ಹೇಳಿದರು, ನನ್ನ ಗಂಡನಿಗಲ್ಲ. ಮುಂದೆ ಕಾಯಿಲೆ ಬಂದರೆ ನನ್ನ ಪರವಾಗಿ ಯಾರು ನಿಲ್ಲಬೇಕು, ಏನು ಮಾಡಬೇಕು, ಏನು ಮಾಡಬಾರದು ಎಂದು ಈಗಲೇ ಬರೆದಿಡಬಹುದು ಎಂದೂ ಹೇಳಿದರು. ನಿಮ್ಮಲ್ಲಿ ಯಾರಿಗಾದರೂ ನನ್ನ ರೋಗ ಇದ್ದರೆ ನೆಟ್ಟಗಿರುವಾಗಲೇ ಅದನ್ನು ಬರೆದಿಡಿ. ನಿಮ್ಮ ಮನೆಯ ಪದ್ಧತಿಗಳನ್ನೂ ಬರೆಯಿರಿ, ಎಲ್ಲರಿಗೂ ಗೊತ್ತಿರುವಂಥವನ್ನೇ ಮೊದಲು ಬರೆಯಿರಿ. ನಾನು ನನ್ನ ಪ್ರತಿನಿಧಿಯೆಂದು ಅತ್ತೆಯ ಹೆಸರು ಹೇಳಿದೆ. ಎಲ್ಲರೂ ಅಚ್ಚರಿಪಟ್ಟರು. ಅಂಥ ತಪ್ಪನ್ನು ಒಮ್ಮೆ ಮಾಡಿದವರು ಮತ್ತೊಮ್ಮೆ ಮಾಡುವುದಿಲ್ಲ ಎಂಬುದು ನನ್ನ ಲೆಕ್ಕ.

ಹೊರಗೆ ನಮ್ಮ ಮನೆಯವರು ಚಪ್ಪಲಿ ಮೆಟ್ಟಿಕೊಂಡು, ತಲೆ ಎತ್ತದೆ, ‘ಹೋಗೂಣೇನು?’ ಎಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಕೇಳಿದ್ದು ಬರೀ ‘ನಡಿ’ ಎಂಬ ಅಪ್ಪಣೆ. ನಾನು ಹೋಗಲಿಲ್ಲ.

‘ಗುಳಿಗಿ ಇನ್ನೂ ಹೊಂದಿಕಿ ಆಗಿಲ್ಲ. ಸ್ವಲ್ಪ ದಿನಾ ಇದ್ದ ಬರ್ತೇನಿ,’ ಎಂದೆ. ಅವರು ಬೆಚ್ಚಿ ನೋಡಿದರು. ಒಳಗಿರಲು ಒಲ್ಲೆನೆಂದು ಇಷ್ಟು ಬಡಿದಾಡಿದವಳು ಒಳಗೇ ಉಳಿಯುತ್ತೇನೆಂದರೆ ಯಾರಾದರೂ ನೋಡುವವರೇ. ರೋಗ ಇನ್ನೂ ಪೂರ್ತಿ ಹೋಗಿಲ್ಲವೆಂದು ನನಗೆ ಗೊತ್ತಿತ್ತು. ಜೊತೆಗೆ ಅವರಾಡಿದ ಅಂಜಿಕೆಯ ಮಾತು ಮನಸ್ಸಿನಲ್ಲಿ ಕುಟುಕುತ್ತಿತ್ತು, ಅದೂ ಖರೆ. ತಾಯಿ ಮಗ ಇಬ್ಬರೇ ಬಸ್ಸಿಗೆ ಹೋದರು.

ಈ ಸಲ ನನ್ನ ಕೋಣೆಗೆ ಬೀಗ ಇರಲಿಲ್ಲ. ಮೊದಲ ಮಧ್ಯಾಹ್ನವೇ ಎದ್ದು ಗೇಟಿನವರೆಗೆ ಹೋದೆ. ಕಾವಲುಗಾರ, ‘ಎಲ್ಲಿಗಿ ಹೊಂಟೀರಿ?’ ಎಂದ. ‘ಚಾ ಕುಡ್ಯಾಕ,’ ಎಂದೆ. ಅವನು ಗೇಟು ತೆಗೆದ. ಎದುರಿನ ಅಂಗಡಿಯಲ್ಲಿ ನಿಂತು ಒಂದು ಚಹಾ ಕುಡಿದು, ಲಾರಿಗಳನ್ನು ನೋಡಿ, ನನ್ನ ಕಾಲಿನಿಂದ ನಾನೇ ಒಳಗೆ ಬಂದೆ. ಆ ರಾತ್ರಿ ಹತ್ತಿದ ನಿದ್ದೆ ಯಾವ ಗುಳಿಗೆಯಿಂದಲೂ ಬಂದದ್ದಲ್ಲ.

ಗುಳಿಗೆ ಹೊಂದಿಕೊಂಡಿತು ಎಂದು ಡಾಕ್ಟರು ಹೇಳಿದ ದಿನ ಮನೆಗೆ ಫೋನ್ ಮಾಡಲಿಲ್ಲ. ಹುಕ್ಕೇರಿ ಬಸ್ ನಿಲ್ದಾಣದಲ್ಲಿ ಗೋಕಾಕದ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಕತ್ತರಿಸಿದ ಕೂದಲು, ಸೊರಗಿದ ಮುಖ ನೋಡಿ, ‘ಜೋಡಿ ಯಾರರೆ ಅದಾರೇನ್ರಿ?’ ಎಂದ. ‘ಒಬ್ಬಾಕೀನ,’ ಎಂದು ಆಧಾರ್ ಕಾರ್ಡು ತೋರಿಸಿದೆ. ಹೆಂಗಸರ ಪುಕ್ಕಟೆ ಟಿಕೆಟ್ಟು ಹರಿದು ಕೊಟ್ಟ. ಕಿಟಕಿ ಬದಿ ಕುಳಿತು ಕಬ್ಬಿನ ಹೊಲ ನೋಡುತ್ತ ಬಂದೆ. ನಡುವೆ ಬಸ್ಸು ಕಾಲುವೆ ದಾಟಿತು. ಸೀಟಿನ ಕಂಬಿಯನ್ನು ಗಟ್ಟಿ ಹಿಡಿದು ಕಣ್ಣು ಮುಚ್ಚಿಕೊಂಡೆ. ಗೋಕಾಕದಲ್ಲಿ ಬಸ್ಸು ಬದಲಿಸಿದೆ.

ಮೂಡಲಗಿಯಲ್ಲಿ ಇಳಿದು ಅಂಗಡಿಯ ಮುಂದೆ ಬಂದಾಗ ನಮ್ಮ ಮನೆಯವರು ಮೋಟಾರಿಗೆ ತಂತಿ ಸುತ್ತುತ್ತಿದ್ದರು. ನನ್ನನ್ನು ನೋಡಿ ಎದ್ದೇಬಿಟ್ಟರು, ತಂತಿ ಸುರುಳಿ ಬಿಚ್ಚಿ ನೆಲದ ಮೇಲೆ ಉರುಳಿತು.

‘ಯಾರ ಕರಕೊಂಡ ಬಂದ್ರು?’

‘ಯಾರೂ ಇಲ್ರಿ. ನಾನ ಬಂದೆ.’

ರಸ್ತೆಯ ಆ ಕಡೆ ಈ ಕಡೆ ನೋಡಿದರು, ಯಾರಾದರೂ ಇದ್ದಾರೆಂದು. ಆಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ‘ಮನಿತನಕಾ ಬರ್ಲೇನು?’ ಎಂದು ಕೇಳಿದರು.

‘ಬ್ಯಾಡ್ರಿ,’ ಎಂದೆ.

ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಅಂಗಡಿ ಬಿಟ್ಟು ನಡುರಸ್ತೆಗೆ ಬಂದು ನಿಂತಿದ್ದರು. ಅಷ್ಟು ದೂರದಿಂದಲೂ ಅವರ ಅಂಜಿಕೆ ಕಾಣುತ್ತಿತ್ತು. ಹಿಂದೆ ಒಬ್ಬ ಟ್ರ್ಯಾಕ್ಟರಿನವನು ಹಾರ್ನ್ ಹೊಡೆಯುತ್ತಿದ್ದ. ಅವರು ಬದಿಗೆ ಸರಿದರು, ಆದರೆ ನನ್ನ ಬೆನ್ನು ಹತ್ತಲಿಲ್ಲ. ನಾನು ಮನೆಯ ಕಡೆ ನಡೆದೆ.